ಅತ್ತೆ ನುಡಿಸುತ್ತಿದ್ದ ಆರ್ಗನ್

ಮದುವೆಯಾಗಿ ಅರಸೀಕೆರೆಗೆ ಬಂದ ಮೇಲಿನ ಮೊದಲ ಭಾನುವಾರ ಅತ್ತೆ ನನ್ನನ್ನು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರಿಸಿ, ತಾವು ಎಡಗಡೆ ಕಿಟಕಿಯ ಪಕ್ಕದಲ್ಲಿದ್ದ ಆರ್ಗನ್ ಮುಂದೆ ಹೋಗಿ ಕೂತರು. ನಾನು ಅದನ್ನು ಬೀರು ಅಂದುಕೊಂಡಿದ್ದೆ. ಕಪ್ಪು ಮರ, ಕೆತ್ತನೆಯ ಮೇಲುಭಾಗ, ಎರಡೂ ಕಡೆ ಮೇಣದಬತ್ತಿ ನಿಲ್ಲಿಸುವ ಹಿತ್ತಾಳೆಯ ತೋಳು. ಅತ್ತೆ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳ ತೆಗೆದರು. ಎರಡೂ ಕಾಲನ್ನು ಕೆಳಗಿನ ಪೆಡಲುಗಳ ಮೇಲಿಟ್ಟು ಹೊಲಿಗೆ ಯಂತ್ರ ತುಳಿಯುವವರ ಹಾಗೆ ತುಳಿಯತೊಡಗಿದರು. ಮೊದಲು ಯಾರೋ ದೀರ್ಘವಾಗಿ ಉಸಿರೆಳೆದ ಶಬ್ದ ಬಂತು. ಆಮೇಲೆ ಸ್ವರ. ಅದು ಕಿವಿಗಿಂತ ಮೊದಲು ನನ್ನ ಪಾದಕ್ಕೆ ಮುಟ್ಟಿತು.

ನಾನು ಹುಟ್ಟಿ ಬೆಳೆದದ್ದು ಬಿಕ್ಕೋಡಿನ ಆಚೆಯ ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರು, ಆಳುಗಳ ಹಾಜರಿ ಬರೆಯುವ ಕೆಲಸ. ಆಳುಗಳು ವಾಸಿಸುತ್ತಿದ್ದ ಲೈನು ಮನೆಗಳ ಕೊನೆಯಲ್ಲಿ ತಗಡಿನ ಮಾಡಿನ ಒಂದು ಪ್ರಾರ್ಥನಾ ಕೋಣೆಯಿತ್ತು. ಅಲ್ಲಿ ಚಪ್ಪಾಳೆ ತಟ್ಟಿಕೊಂಡು ಹಾಡುತ್ತಿದ್ದೆವು, ಬಾಯಿಗೆ ಬಂದ ಶ್ರುತಿಯಲ್ಲಿ. ಹಾಗಾಗಿ ಅರಸೀಕೆರೆಯ ಆ ಭಾನುವಾರ ನಾನು ಎಂದಿನಂತೆ ಗಟ್ಟಿಯಾಗಿ ಹಾಡಿದಾಗ ಅಕ್ಕಪಕ್ಕದವರು ತಿರುಗಿ ನೋಡಿದರು. ಆರಾಧನೆ ಮುಗಿದು ಮನೆಗೆ ಬಂದ ಮೇಲೆ ಅತ್ತೆ, "ಗಂಟಲು ಚೆನ್ನಾಗಿದೆ. ಆದ್ರೆ ನೀನು ಒಬ್ಬಳೇ ಹಾಡ್ತೀಯ, ಬೇರೆಯವರ ಜೊತೆ ಹಾಡಲ್ಲ" ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಅಕ್ಕಿ ತೊಳೆಯಲು ಹೋದೆ.

ನಮ್ಮ ಚರ್ಚು ಸ್ಟೇಷನ್ನಿನ ಹಿಂದೆ, ಹಳಿಗಳಿಗೆ ಬೆನ್ನು ಮಾಡಿ ನಿಂತಿರುವ ಕಲ್ಲಿನ ಕಟ್ಟಡ. ಊರಿಗೆ ರೈಲು ಬಂದ ಕಾಲದಲ್ಲಿ ಬಿಳಿಯ ಅಧಿಕಾರಿಗಳೂ ಇಂಜಿನ್ ಡ್ರೈವರುಗಳೂ ತಮಗಾಗಿ ಕಟ್ಟಿಕೊಂಡದ್ದು. ಆರ್ಗನ್ ಕೂಡ ಅವರೇ ತರಿಸಿದ್ದಂತೆ, ಹಡಗಿನಲ್ಲಿ ಬಂದು ಆಮೇಲೆ ಗೂಡ್ಸ್ ಗಾಡಿಯಲ್ಲಿ. ಮೊದಲು ನುಡಿಸಿದವಳು ಒಬ್ಬ ಇಂಜಿನಿಯರನ ಹೆಂಡತಿ. ಅವಳ ನಂತರ ಯಾರ್ಯಾರೋ. ಕೊನೆಗೆ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರನ ಹೆಂಡತಿ. ಅವರನ್ನು ಊರೆಲ್ಲ ಮಿಸ್ಸಮ್ಮ ಅನ್ನುತ್ತಿತ್ತು. ಮಕ್ಕಳು ಆಸ್ಟ್ರೇಲಿಯಾಕ್ಕೆ ಕರೆಸಿಕೊಳ್ಳುತ್ತಾರೆಂದು ಗೊತ್ತಾದಾಗ ಮಿಸ್ಸಮ್ಮ, ತಮ್ಮ ಜಾಗಕ್ಕೆ ಯಾರಾದರೂ ಬೇಕೆಂದು ಹುಡುಕಿ, ರೈಲ್ವೆ ಆಸ್ಪತ್ರೆಯಲ್ಲಿ ಆಗಷ್ಟೇ ನರ್ಸಾಗಿ ಸೇರಿದ್ದ ನನ್ನ ಅತ್ತೆಯನ್ನು ಹಿಡಿದುಕೊಂಡರು. ಆಗ ಅತ್ತೆಗೆ ಮದುವೆಯೂ ಆಗಿರಲಿಲ್ಲ.

"ಯಾಕೆ ನಿಮ್ಮನ್ನೇ ಆರಿಸಿದರು?" ಅಂತ ಒಮ್ಮೆ ಕೇಳಿದ್ದೆ.

"ಇಂಜೆಕ್ಷನ್ ಚುಚ್ಚುವಾಗ ನನ್ನ ಕೈ ನಡುಗಲ್ವಂತೆ. ಅಷ್ಟೇ ಕಾರಣ" ಎಂದಿದ್ದರು ಅತ್ತೆ.

ಮಿಸ್ಸಮ್ಮ ಹೇಳಿಕೊಟ್ಟ ರಾಗಗಳೆಲ್ಲ ಇಂಗ್ಲಿಷಿನವು. ಚರ್ಚಿನ ಸಭೆಯಲ್ಲಿ ಉಳಿದವರೆಲ್ಲ ಕನ್ನಡದವರು. ಕನ್ನಡದ ಮಾತು ಆ ರಾಗಗಳಿಗೆ ಸರಿಯಾಗಿ ಕೂರುತ್ತಿರಲಿಲ್ಲ, ಅಕ್ಷರ ಹೆಚ್ಚಾಗಿ ಸ್ವರ ಸಾಲದೆ ಬರುತ್ತಿತ್ತು. ಅತ್ತೆ ಆ ಕಡೆಗಳಲ್ಲಿ ಒಂದು ಸ್ವರವನ್ನು ಎರಡಾಗಿ ಒಡೆದು, ನಡುವೆ ಸಣ್ಣದೊಂದು ಜಾರು ಸೇರಿಸಿ, ಹಾಡುವವರಿಗೆ ದಾರಿ ಮಾಡಿಕೊಟ್ಟಿದ್ದರು. ಬೇರೆ ಊರಿನಿಂದ ಬಂದವರು ನಮ್ಮ ಹಾಡು ಕೇಳಿ, ಇದು ಎಲ್ಲೂ ಕೇಳದ ಧಾಟಿ ಅನ್ನುತ್ತಿದ್ದರು. ಅದು ಅತ್ತೆಯ ಧಾಟಿ.

ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಅತ್ತೆಯ ಒಬ್ಬನೇ ಮಗ. ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್. ಹಾಡಲು ಬಾರದು, ಶ್ರುತಿಯೂ ತಿಳಿಯದು, ಆದರೆ ಆರ್ಗನ್ನಿನ ಹೊಟ್ಟೆಯೊಳಗೆ ಏನೇನಿದೆ ಅಂತ ಅವರಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಹಿಂದಿನ ಹಲಗೆ ಬಿಚ್ಚಿ ಧೂಳು ತೆಗೆಯುತ್ತಿದ್ದರು, ಇಲಿ ಬೋನು ಇಡುತ್ತಿದ್ದರು. ಮಳೆಗಾಲದ ತೇವಕ್ಕೆ ಕೀಗಳು ಉಬ್ಬಿ ಕಚ್ಚಿಕೊಳ್ಳಬಾರದೆಂದು ಒಳಗೆ ಒಂದು ಸಣ್ಣ ಬಲ್ಬು ಹಾಕಿ, ಅದು ಸದಾ ಉರಿಯುವಂತೆ ಮಾಡಿದ್ದರು. "ಅಮ್ಮನಿಗೆ ಇಬ್ಬರು ಮಕ್ಕಳು ಕಣೇ. ನಾನು ಚಿಕ್ಕೋನು" ಎಂದು ನಗುತ್ತಿದ್ದರು.

ನಮ್ಮ ಮಗಳು ಶಾಲೆಗೆ ಸೇರಿದ ವರ್ಷ ಆರ್ಗನ್ನಿನ ತಿದಿ ಹರಿಯಿತು. ಪೆಡಲು ತುಳಿದಾಗ ಗಾಳಿ ಎಳೆಯುವ ಚೀಲ ಅದು. ಅದರ ಬಟ್ಟೆ ಮಡಿಕೆಗಳಲ್ಲೆಲ್ಲ ಬಿಟ್ಟುಕೊಂಡಿತ್ತು. ನನ್ನ ಗಂಡ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಒಂದಷ್ಟು ದಿನ ದೂಡಿದರು. ಆಮೇಲೆ ಅದೂ ಆಗಲಿಲ್ಲ. ಬೇಲೂರಿನಲ್ಲಿ ಒಬ್ಬ ಸಾಬರಿದ್ದರು, ಭಜನೆ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡುವವರು. ಅವರು ಬಂದು ನೋಡಿ, ಬಟ್ಟೆ ಬೇಡ, ಆಡಿನ ಚರ್ಮ ಹದ ಮಾಡಿಸಿ ಅಳತೆಗೆ ಕತ್ತರಿಸಿ ಕೊಡುತ್ತೇನೆ, ಅಂಟಿಸುವುದು ನೀವೇ ಮಾಡಿಕೊಳ್ಳಿ ಎಂದು ಅಳತೆ ತೆಗೆದುಕೊಂಡು ಹೋದರು.

ಈಸ್ಟರ್ ಹತ್ತಿರ ಬರುತ್ತಿತ್ತು. ಅತ್ತೆಗೆ ನಿದ್ದೆ ಹತ್ತುತ್ತಿರಲಿಲ್ಲ. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಗ್ಗೆ, ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಬೇಲೂರಿನಿಂದ ಫೋನು ಬಂತು: ಚರ್ಮ ಸಿದ್ಧವಿದೆ, ಮಧ್ಯಾಹ್ನದ ಹೊತ್ತಿಗೆ ಕೊಡುತ್ತೇನೆ. ಅತ್ತೆ ಹೋಗಿ ಮಗನ ಭುಜ ಅಲುಗಾಡಿಸಿದರು.

"ಎದ್ದೇಳೋ. ಇವತ್ತು ತಂದ್ರೆ ಶುಭ ಶುಕ್ರವಾರದೊಳಗೆ ಅಂಟಿಸಿ ಒಣಗಿಸಬಹುದು."

"ಸೋಮವಾರ ಹೋದರಾಗಲ್ವಾ ಅತ್ತೆ? ನಿದ್ದೆ ಆಗಿಲ್ಲ ಅವರಿಗೆ" ಎಂದೆ ನಾನು.

"ಸೋಮವಾರ ಮತ್ತೆ ಡ್ಯೂಟಿ ಅವನಿಗೆ."

ಅವರು ಎದ್ದು ಮುಖಕ್ಕೆ ನೀರು ಹಾಕಿಕೊಂಡು, ನಿಂತೇ ಉಪ್ಪಿಟ್ಟು ತಿಂದು, ಬೈಕು ಹೊರಗೆ ತೆಗೆದರು. "ಸಾಯಂಕಾಲದೊಳಗೆ ಬತ್ತೀನಿ ಕಣೇ" ಎಂದರು. ಮಗಳು ತನ್ನನ್ನೂ ಕರೆದುಕೊಂಡು ಹೋಗೆಂದು ಹಟ ಮಾಡಿದಳು. ಹಳೇಬೀಡಿನ ಆನೆ ತೋರಿಸುತ್ತೇನೆ ಮುಂದಿನ ಸಲ ಎಂದು ಅವಳನ್ನು ಇಳಿಸಿ ಹೋದರು.

ಸಾಯಂಕಾಲವಾಯಿತು. ದೀಪ ಹಚ್ಚುವ ಹೊತ್ತೂ ಆಯಿತು. ಜಾವಗಲ್ ದಾಟಿದ ಮೇಲೆ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತಂತೆ. ಹಿಂದೆ ದೀಪವಿರಲಿಲ್ಲ. ಮಸುಕು ಬೆಳಕಿನಲ್ಲಿ ಅವರು ನೇರ ಅದಕ್ಕೆ ಹೋಗಿ ಬಡಿದರು. ಫೋನು ಎತ್ತಿದವಳು ನಾನೇ. ಆ ಕಡೆ ಮಾತಾಡಿದವನು ಯಾರೋ ದಾರಿಹೋಕ, ಅವನೇ ಅಳುತ್ತಿದ್ದ. ನಾವು ಆಸ್ಪತ್ರೆ ತಲುಪಿದಾಗ ಬಟ್ಟೆ ಮುಚ್ಚಿದ್ದರು. ಅತ್ತೆ ಬಟ್ಟೆ ಸರಿಸಿ, ನರ್ಸಿನ ಹಾಗೆ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಅಲ್ಲಿದ್ದವರು ಯಾರೂ ತಡೆಯಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಬೈಕಿನ ಪಕ್ಕದ ಪೆಟ್ಟಿಗೆಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಚರ್ಮದ ಸುರುಳಿ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ. ಪೊಲೀಸಿನವರು ಅದನ್ನು ನನ್ನ ಕೈಗೆ ಕೊಟ್ಟರು. ಮನೆಗೆ ತಂದು ಅಟ್ಟದ ಮೇಲೆ ಎಸೆದೆ.

ಮಣ್ಣು ಮಾಡುವ ದಿನ ಚರ್ಚು ತುಂಬಿತ್ತು. ರೈಲ್ವೆಯವರೆಲ್ಲ ಬಂದಿದ್ದರು, ನಮ್ಮ ಸಭೆಯವರಲ್ಲದವರೇ ಹೆಚ್ಚು, ಗೋಡೆಗೆ ಒರಗಿ ನಿಂತಿದ್ದರು. ಆಗಿನ ಪಾಸ್ಟರು ವಯಸ್ಸಾದವರು. ಅವರು ಅತ್ತೆಯ ಹತ್ತಿರ ಬಂದು ಮೆಲ್ಲಗೆ, "ಇವತ್ತು ಆರ್ಗನ್ ಬೇಡಮ್ಮ. ಬಾಯಲ್ಲೇ ಹಾಡೋಣ" ಎಂದರು.

"ಈ ಊರಲ್ಲಿ ಸತ್ತೋರಿಗೆಲ್ಲ ನುಡಿಸಿದೀನಿ ಅಯ್ಯನವರೇ. ನನ್ನ ಮಗನಿಗೆ ಬೇಡ ಅಂತೀರಾ?"

ಅತ್ತೆ ಹೋಗಿ ಕೂತರು. ಚಪ್ಪಲಿ ಬಿಟ್ಟರು. ಹರಿದ ತಿದಿ ಗಾಳಿ ಹಿಡಿಯುತ್ತಿರಲಿಲ್ಲ, ಆದ್ದರಿಂದ ಎರಡರಷ್ಟು ಜೋರಾಗಿ ತುಳಿಯಬೇಕಾಯಿತು. ಪೆಡಲಿನ ದಬದಬ ಶಬ್ದ ಹಾಡಿಗಿಂತ ಹೆಚ್ಚಾಗಿ ಕೇಳುತ್ತಿತ್ತು. ಮೊದಲ ಚರಣ ಹೇಗೋ ನಡೆಯಿತು. ಎರಡನೆಯದರಲ್ಲಿ ಸ್ವರ ಕುಸಿಯತೊಡಗಿತು. ಆಮೇಲೆ ಪೂರ್ತಿ ನಿಂತಿತು. ಜನ ಹಾಡನ್ನು ಬಿಡದೆ ಮುಂದುವರಿಸಿದರು. ಅತ್ತೆಯ ಕಾಲುಗಳೂ ನಿಲ್ಲಲಿಲ್ಲ. ಬೆರಳುಗಳು ಸದ್ದಿಲ್ಲದ ಕೀಗಳ ಮೇಲೆ ಸರಿಯಾಗಿ ಓಡುತ್ತಿದ್ದವು, ಕೆಳಗೆ ಕಾಲುಗಳು ದಬದಬ ತುಳಿಯುತ್ತಿದ್ದವು. ಹಾಡು ಮುಗಿದರೂ ತುಳಿಯುತ್ತಲೇ ಇದ್ದರು. ಪಾಸ್ಟರು ಬಂದು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿಯಬೇಕಾಯಿತು.

ನೋಡುತ್ತಿದ್ದವರೆಲ್ಲ ಅತ್ತರು. ನಾನು ಶವಪೆಟ್ಟಿಗೆಯ ಪಕ್ಕ ಮಗಳನ್ನು ಅಪ್ಪಿಕೊಂಡು ನಿಂತಿದ್ದೆ. ನನ್ನೊಳಗೆ ಆಗ ಇದ್ದದ್ದು ಸಿಟ್ಟು, ಬರೀ ಸಿಟ್ಟು. ಆ ಮರದ ವಸ್ತುವನ್ನು ಹೊರಗೆಳೆದು ಬೆಂಕಿ ಹಚ್ಚಬೇಕು ಅನ್ನಿಸುತ್ತಿತ್ತು.

ಅದಾದ ಮೇಲೆ ಅತ್ತೆ ಆರ್ಗನ್ ಮುಟ್ಟಲಿಲ್ಲ. ಚರ್ಚಿಗೇ ಬರುವುದನ್ನು ಬಿಟ್ಟರು. ಗಂಡನ ಬದಲಿಗೆ ನನಗೆ ರೈಲ್ವೆಯಲ್ಲಿ ನೌಕರಿ ಕೊಟ್ಟರು, ಕಚೇರಿಯಲ್ಲಿ ಫೈಲು ಎತ್ತಿಡುವ ಕೆಲಸ. ಬೆಳಗ್ಗೆ ನಾನು ಹೊರಟರೆ ಅತ್ತೆ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಅಡುಗೆ. ಇಬ್ಬರ ನಡುವೆ ಉಪ್ಪು, ಹಾಲು, ಗ್ಯಾಸು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ದಿನ ಸಾರು ಕೆಟ್ಟಿತ್ತೋ ಏನೋ, ಸಣ್ಣದಕ್ಕೆ ಶುರುವಾಗಿ ನನ್ನ ಬಾಯಿಂದ ಅದು ಹೊರಬಿತ್ತು.

"ನೀವೇ ಅಲ್ವಾ ಕಳಿಸಿದ್ದು!"

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. "ಹೌದು" ಎಂದರು. ತಟ್ಟೆ ತೊಳೆದಿಟ್ಟು ಒಳಗೆ ಹೋದರು. ಅವರು ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ರಜೆಯ ದಿನ ಬಾಗಿಲ ಮುಂದೆ ಒಬ್ಬರು ಬಂದು ನಿಂತರು. ಬಿಳಿ ಗಡ್ಡ, ಹೆಗಲಲ್ಲಿ ಕ್ಯಾನ್ವಾಸ್ ಚೀಲ. "ಆರ್ಗನ್ ಬಾರಿಸೋ ನರ್ಸಮ್ಮನ ಮನೆ ಇದೇನಾ ತಾಯಿ?" ಎಂದರು. ಬೇಲೂರಿನ ಸಾಬರು ಅಂತ ಆಮೇಲೆ ಗುರುತು ಹತ್ತಿತು. ಒಳಗೆ ಕರೆದೆ. ಅವರು ಕುರ್ಚಿಯ ಮೇಲೆ ಕೂರದೆ ಹೊಸಿಲ ಹತ್ತಿರ ಚಾಪೆಯ ಮೇಲೆ ಕೂತರು. ಅತ್ತೆ ಹೊರಗೆ ಬಂದು ಅವರ ಎದುರಿಗೆ ಕೂತರು.

"ನನಗೆ ಗೊತ್ತಾಗಿದ್ದು ಮೊನ್ನೆ ಕಣಮ್ಮಾ. ಜಾವಗಲ್ ಭಜನೆಯವರು ಹಾರ್ಮೋನಿಯಂ ಪೆಟ್ಟಿಗೆ ರಿಪೇರಿಗೆ ತಂದಿದ್ರು, ಹಂಗೇ ಮಾತಾಡ್ತಾ ಹೇಳಿದ್ರು. ಅವತ್ತಿಂದ ಅನ್ನ ಸೇರ್ತಾ ಇಲ್ಲ ನನಗೆ."

ಅತ್ತೆ ನೀರಿನ ಲೋಟವನ್ನು ಅವರ ಮುಂದೆ ಸರಿಸಿದರು.

"ಮಧ್ಯಾಹ್ನಕ್ಕೆ ಕೊಡ್ತೀನಿ ಅಂದಿದ್ದೆ. ಚರ್ಮದ ಅಂಚು ತೆಳ್ಳಗೆ ಕೆರೆಯೋದು ಬಾಕಿ ಇತ್ತು. ಮನೇಲಿ ನೆಂಟರು ಬಂದಿದ್ರು, ಊಟಕ್ಕೆ ಹೋದೋನು ಅಲ್ಲೇ ಕೂತ್ಬಿಟ್ಟೆ. ನಿಮ್ಮ ಮಗ ಅಂಗಡಿ ಮುಂದೆ ಕಾಯ್ತಾ ಇದ್ದ. ಬಂದ ಮೇಲೆ ಒಂದು ಮಾತು ಅನ್ಲಿಲ್ಲ. ಟೀ ತರಿಸಿ ನನಗೂ ಕೊಟ್ಟ. ಹೇಳಿದ ಹೊತ್ತಿಗೆ ನಾನು ಕೊಟ್ಟಿದ್ರೆ ಬೆಳಕಿದ್ದಂಗೇ ಮನೆ ಸೇರ್ತಿದ್ದ."

"ನಿಮ್ಮದೇನಿಲ್ಲ ಇದರಲ್ಲಿ. ರಾತ್ರಿ ಎಲ್ಲ ನಿದ್ದೆಗೆಟ್ಟು ಬಂದು ಮಲಗಿದ್ದೋನನ್ನ ಎಬ್ಬಿಸಿ ಕಳಿಸಿದ್ದು ನಾನು."

"ಅಲ್ಲಮ್ಮಾ, ನಾನು..."

"ನಾನು ಕಳಿಸಿದ್ದು ಅಂದ್ನಲ್ಲ!" ಅತ್ತೆಯ ದನಿ ಏರಿತು. ತಮ್ಮದೇ ಆದದ್ದೊಂದನ್ನು ಅವರು ಕಿತ್ತುಕೊಳ್ಳಲು ಬಂದಿದ್ದಾರೆ ಎನ್ನುವಂತಿತ್ತು. ಆ ಮುದುಕರು ಕಣ್ಣೊರೆಸಿಕೊಂಡರು. ಅತ್ತೆಯೂ ಅತ್ತರು. ಅಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ, ಇಷ್ಟು ತಿಂಗಳು ಈ ಹೆಂಗಸು ಒಳಗೊಳಗೆ ಇದನ್ನೇ ಹೇಳಿಕೊಳ್ಳುತ್ತಾ ಅನ್ನ ಬೇಯಿಸಿ ನನಗೆ ಬಡಿಸಿದ್ದಾರೆ ಅನ್ನುವುದು ಹೊಳೆಯಿತು. ನಾನು ಹೇಳಿದ್ದು ಅವರಿಗೆ ಹೊಸದೇನೂ ಆಗಿರಲಿಲ್ಲ.

"ಚರ್ಮ ಏನಾಯ್ತು?" ಎಂದರು ಸಾಬರು.

"ಅಟ್ಟದ ಮೇಲಿದೆ. ತರ್ತೀನಿ" ಎಂದೆ.

ಅದು ಬಿರುಸಾಗಿತ್ತು. ಅವರು ಎಣ್ಣೆ ಸವರಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಮೆದು ಮಾಡಿದರು. ಆಮೇಲೆ ನಾವು ಮೂವರೂ ಚರ್ಚಿಗೆ ಹೋದೆವು. ಅತ್ತೆ ಅಷ್ಟು ದಿನಗಳ ಮೇಲೆ ಅಲ್ಲಿಗೆ ಕಾಲಿಟ್ಟಿದ್ದರು. ಸಾಬರು ತಿದಿ ಬಿಚ್ಚಿ ಹಳೇ ಬಟ್ಟೆ ಕಿತ್ತು ಹಾಕಿ ಚರ್ಮ ಅಂಟಿಸಿದರು. ನಾನು ಹಲಗೆ ಹಿಡಿದುಕೊಂಡೆ. ಮರುದಿನ ಅಂಟು ಒಣಗಿದ ಮೇಲೆ ಸಾಬರು ಮತ್ತೆ ಬಸ್ಸು ಹತ್ತಿ ಬಂದು ಎಲ್ಲ ಜೋಡಿಸಿ, "ಈಗ ತುಳೀರಿ ಅಮ್ಮಾ" ಎಂದರು.

ಅತ್ತೆ ಸ್ಟೂಲಿನ ತನಕ ಹೋದರು. ಚಪ್ಪಲಿ ಬಿಟ್ಟರು. ನಿಂತುಬಿಟ್ಟರು. ನನ್ನ ಕಡೆ ತಿರುಗಿ, "ನೀನು ಕೂತ್ಕೋ" ಎಂದರು.

"ನನಗೆ ಬರಲ್ಲ ಅತ್ತೆ."

"ಗೊತ್ತು. ನನ್ನ ಕಾಲು ಏಳ್ತಿಲ್ಲ ಕಣೇ. ಕೂತ್ಕೋ."

ಕೂತೆ. ತುಳಿದೆ. ಒಂದು ಕೀ ಒತ್ತಿದೆ. ಖಾಲಿ ಚರ್ಚಿನಲ್ಲಿ ಆ ಒಂದು ಸ್ವರ ನಾನು ಬೆರಳು ಎತ್ತುವ ತನಕ ನಿಂತಿತು. ನನಗೆ ಸಂತೋಷವಾಯಿತೆಂದು ಹೇಳಲಾರೆ. ಗಂಡನನ್ನು ತಿಂದ ಚರ್ಮ ಅದು, ನನ್ನ ಕಾಲ ಕೆಳಗೆ ಉಬ್ಬಿ ಇಳಿಯುತ್ತಿತ್ತು. ಆದರೂ ಎದ್ದು ಬರಲಿಲ್ಲ.

ಹಾಗೆ ನಾನು ಕಲಿಯತೊಡಗಿದೆ. ಡ್ಯೂಟಿ ಮುಗಿಸಿ ಚರ್ಚಿಗೆ ಹೋದರೆ ಅತ್ತೆ ಮಗಳ ಜೊತೆ ಅಲ್ಲಿ ಕಾಯುತ್ತಿರುತ್ತಿದ್ದರು. ಪಕ್ಕದಲ್ಲಿ ನಿಂತು, ನನ್ನ ಮಣಿಕಟ್ಟು ಇಳಿದರೆ ಕೆಳಗಿನಿಂದ ಎತ್ತುತ್ತಿದ್ದರು. ತುಳಿತ ತಪ್ಪಿದರೆ ನೆಲಕ್ಕೆ ಕೊಡೆ ಕುಟ್ಟುತ್ತಿದ್ದರು. "ಹಾಡೋರು ಉಸಿರು ತಗೊಳ್ಳೋ ಕಡೆ ನೀನೂ ಕೈ ಎತ್ತು. ಎತ್ತದಿದ್ರೆ ವಯಸ್ಸಾದೋರು ಹಿಂದೆ ಬೀಳ್ತಾರೆ." ಇದು ಮಿಸ್ಸಮ್ಮ ಅವರಿಗೆ ಹೇಳಿದ್ದು, ಮಿಸ್ಸಮ್ಮನಿಗೆ ಇನ್ಯಾರೋ. ನನ್ನ ಬೆರಳು ಮದುವೆಗೆ ಮುಂಚೆ ತೋಟದಲ್ಲಿ ಕಾಫಿ ಕೊಯ್ದು ಗಡುಸಾದವು, ಬೇಗ ಬಗ್ಗುತ್ತಿರಲಿಲ್ಲ. ಎಷ್ಟೋ ದಿನ ಅತ್ತುಕೊಂಡು ಮನೆಗೆ ಬಂದಿದ್ದೇನೆ. ದಾರಿಯಲ್ಲಿ ಅತ್ತೆ ಅದನ್ನು ಕಂಡೂ ಕಾಣದವರ ಹಾಗೆ ಮೊಮ್ಮಗಳಿಗೆ ಕಡಲೆಕಾಯಿ ಕೊಡಿಸುತ್ತಿದ್ದರು.

ನನ್ನನ್ನು ಮೊದಲು ಸಭೆಯ ಮುಂದೆ ಕೂರಿಸಿದ್ದು ರೈಲಿಗೆ ಹಳಿ ಬದಲಿಸುತ್ತಿದ್ದ ಒಬ್ಬ ನಿವೃತ್ತ ಪಾಯಿಂಟ್ಸ್‌ಮನ್ನಿನ ಶವಸಂಸ್ಕಾರದಲ್ಲಿ. ನಾನು ಭಾನುವಾರದ ಆರಾಧನೆಯಿಂದ ಶುರುಮಾಡುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. "ಸತ್ತೋರು ತಪ್ಪು ಹಿಡಿಯಲ್ಲ, ಅಳೋರಿಗೆ ಕೇಳಿಸಲ್ಲ. ಅಲ್ಲಿಂದ ಶುರು ಮಾಡು" ಎಂದರು. ಬಹಳ ಕಡೆ ತಪ್ಪಿದೆ. ಹೊರಗೆ ಬಂದಾಗ ಸತ್ತವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ನಿಂತರು. ಆ ದಿನದಿಂದ ನಾನು ಕಲಿಯುವುದನ್ನು ನಿಲ್ಲಿಸುವ ಮಾತಾಡಲಿಲ್ಲ.

ಮದುವೆಗಳಿಗೆ ನುಡಿಸಿದ್ದೂ ಉಂಟು, ಹಾರನಹಳ್ಳಿಯಿಂದ ಟೆಂಪೋ ಮಾಡಿಕೊಂಡು ಬಂದು ಮದುವೆ ಮಾಡಿಕೊಂಡ ಒಂದು ಜೋಡಿ ನೆನಪಿದೆ. ಆದರೆ ಹೆಚ್ಚಿನದೆಲ್ಲ ಸಾವಿಗೇ. ರೈಲ್ವೆ ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ನಿವೃತ್ತರಾದವರು ಮಕ್ಕಳಿದ್ದ ಕಡೆ ಹೋಗುತ್ತಿದ್ದರು, ಇಲ್ಲವೇ ನಮ್ಮ ಸ್ಮಶಾನಕ್ಕೆ. ಹಿಂದಿನ ಬೆಂಚುಗಳ ಮೇಲೆ ಪಾರಿವಾಳದ ಹಿಕ್ಕೆ ಬಿದ್ದರೆ ಯಾರೂ ಕೂರುವವರಿಲ್ಲದ್ದರಿಂದ ಅದು ಹಾಗೇ ಒಣಗುತ್ತಿತ್ತು.

ಕೊರೊನಾ ಬಂದಾಗ ಚರ್ಚಿಗೆ ಬೀಗ ಹಾಕಿದರು. ಕರೆಂಟಿನ ಮೇನ್ ಸ್ವಿಚ್ಚನ್ನೂ ಆರಿಸಿದ್ದರು. ಆರ್ಗನ್ನಿನೊಳಗಿನ ಬಲ್ಬಿನ ನೆನಪು ನನಗೆ ಬಂದು, ಕಮಿಟಿಯವರನ್ನು ಕೇಳಿ ಒಳಗೆ ಹೋಗುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಕೀಗಳು ಉಬ್ಬಿ ಕಚ್ಚಿಕೊಂಡಿದ್ದವು. ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳು ಹಸಿರುಗಟ್ಟಿದ್ದವು. ಒಳಗಿನ ಉಣ್ಣೆ ಬಟ್ಟೆ ಕಡಿದು ಇಲಿಗಳು ಗೂಡು ಮಾಡಿದ್ದವು. ಚರ್ಮಕ್ಕೆ ಮಾತ್ರ ಏನೂ ಆಗಿರಲಿಲ್ಲ. ಬೇಲೂರಿಗೆ ಫೋನು ಮಾಡಿದೆ. ಸಾಬರ ಮಗ ಎತ್ತಿಕೊಂಡು, "ಅಪ್ಪ ಹೋಗ್ಬಿಟ್ರು ಅಕ್ಕಾ. ಇದೇ ಕಾಯಿಲೇಲಿ. ಮುಖ ನೋಡೋಕೂ ಬಿಡಲಿಲ್ಲ ನಮ್ಮನ್ನ" ಎಂದ. ಅಂಗಡಿಯನ್ನು ಮೊಬೈಲ್ ರಿಪೇರಿಗೆ ಬಾಡಿಗೆ ಕೊಟ್ಟಿದ್ದರು.

ಅದೇ ಹೊತ್ತಿಗೆ ಅತ್ತೆಗೆ ಮರೆವು ಶುರುವಾಗಿತ್ತು. ಮೊದಲು ಒಲೆ ಆರಿಸುವುದನ್ನು, ಆಮೇಲೆ ಮೊಮ್ಮಗಳ ಹೆಸರನ್ನು ಮರೆತರು. ಒಂದು ಸಾಯಂಕಾಲ ನಾನು ಕಚೇರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಬಾಗಿಲಿಗೆ ಬಂದು ನಿಂತು ಕೇಳಿದರು:

"ಬೇಲೂರಿಂದ ಬಂದನಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚೊಂಬು ಕೆಳಗಿಟ್ಟು, ಅವರನ್ನು ಕೂರಿಸಿ, ನಡೆದದ್ದನ್ನು ಹೇಳಿದೆ. ಅತ್ತೆ ಅದನ್ನು ಆಗಷ್ಟೇ ಕೇಳಿದವರ ಹಾಗೆ ಬಾಯಿ ತೆರೆದು ನನ್ನನ್ನು ನೋಡಿದರು. ಆಮೇಲೆ ಎದೆ ಬಡಿದುಕೊಂಡು ಅತ್ತರು. ಆಸ್ಪತ್ರೆಯಲ್ಲಿ, ಚರ್ಚಿನಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತರು. ಮರುದಿನ ಸಾಯಂಕಾಲ ಮತ್ತೆ ಅದೇ ಪ್ರಶ್ನೆ. ಮತ್ತೆ ಹೇಳಿದೆ. ಮತ್ತೆ ಅದೇ ಅಳು. ದಿನಾ ಅವರ ಮಗ ಸಾಯುತ್ತಿದ್ದ, ದಿನಾ ಆ ಸುದ್ದಿ ತರುವವಳು ನಾನು.

ಮಗಳಾಗ ಕಾಲೇಜಿಗೆ ಹೋಗುತ್ತಿದ್ದಳು. ಅವಳೇ ಒಂದು ದಿನ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅಮ್ಮಾ, ಯಾಕೆ ನಿಜ ಹೇಳ್ತೀಯ? ಬರ್ತಾನೆ ಅಂದ್ಬಿಡು" ಎಂದಳು. ಆ ಮಾತು ನನ್ನ ಬಾಯಿಂದ ಬರಲು ಬಹಳ ಕಷ್ಟವಾಯಿತು. ಕಾಯುವುದನ್ನು ನಾನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು.

"ಬತ್ತಾರೆ ಅತ್ತೆ. ಜಾವಗಲ್ ದಾಟಿದಾರಂತೆ" ಎಂದೆ.

"ಹಾಂ" ಎಂದು ಸಮಾಧಾನವಾಗಿ ಹೋಗಿ ಮಂಚದ ಮೇಲೆ ಕೂತರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಆಮೇಲೆ ದಿನವೂ ಅದನ್ನೇ ಹೇಳಿದೆ. ಅವರು ಸಾಯುವ ತನಕ ಹೇಳಿದೆ.

ಚರ್ಚು ಮತ್ತೆ ತೆರೆದಾಗ ಹೊಸ ಪಾಸ್ಟರು ಬಂದಿದ್ದರು, ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರು ಕೀಬೋರ್ಡ್ ತಂದರು. ಒಂದು ಗುಂಡಿ ಒತ್ತಿದರೆ ತಾಳವೂ ತಾನೇ ಬರುತ್ತದೆ. ಅದನ್ನು ನುಡಿಸಲು ತಿಪಟೂರಿನಿಂದ ಒಬ್ಬರು ಬರುತ್ತಾರೆ. ಯಾರೂ ನನ್ನನ್ನು ತೆಗೆದುಹಾಕಲಿಲ್ಲ. ಸ್ಟೂಲನ್ನು ಸುಮ್ಮನೆ ಬೇರೆ ಕಡೆ ಇಟ್ಟರು.

ಅತ್ತೆ ತೀರಿಕೊಂಡದ್ದು ಆಷಾಢದಲ್ಲಿ, ಸಣ್ಣ ಜ್ವರ ಬಂದು. ಪಾಸ್ಟರು ಮನೆಗೆ ಬಂದು ಪ್ರಾರ್ಥನೆ ಮಾಡಿ, "ಅಕ್ಕಾ, ಕೀಬೋರ್ಡಲ್ಲಿ ಆರ್ಗನ್ ಸೌಂಡೂ ಇದೆ. ಹಾಗೇ ಕೇಳ್ಸುತ್ತೆ" ಎಂದರು.

"ಬೇಡಿ ಅಯ್ಯನವರೇ. ಅದರಲ್ಲೇ ನುಡಿಸ್ತೀನಿ."

"ಅರ್ಧ ಕೀ ಮಾತಾಡಲ್ವಲ್ಲ ಅಕ್ಕಾ?"

"ಮಾತಾಡಿದಷ್ಟು ಮಾತಾಡಲಿ."

ಅವರು ಸ್ಟೂಲನ್ನು ಮತ್ತೆ ಆರ್ಗನ್ ಮುಂದೆ ಇಡಿಸಿದರು. ಶವಸಂಸ್ಕಾರದಲ್ಲಿ ನಾನು ಕೂತು ನುಡಿಸಿದೆ. ಸಾಲು ಸಾಲಿನಲ್ಲಿ ಸ್ವರಗಳು ಬಿದ್ದುಹೋಗುತ್ತಿದ್ದವು. ಒತ್ತಿದರೆ ಮರದ ಟಕ್ ಶಬ್ದ ಮಾತ್ರ. ಹೊಸಬರು ತಡವರಿಸಿ ಸುಮ್ಮನಾದರು. ಅತ್ತೆಯ ಕಾಲದಿಂದ ಹಾಡುತ್ತಿದ್ದ ಏಳೆಂಟು ಮುದುಕಿಯರು ಮಾತ್ರ ನಿಲ್ಲಲಿಲ್ಲ. ಅವರಿಗೆ ಎಲ್ಲಿ ಯಾವ ಸ್ವರ ಬರಬೇಕೆಂದು ಗೊತ್ತಿತ್ತು. ಆರ್ಗನ್ ಬಾಯಿ ಮುಚ್ಚಿದ ಕಡೆಯಲ್ಲೆಲ್ಲ ಅವರ ಒಡೆದ ದನಿ ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕೈ ನಿಂತುಹೋಗುತ್ತಿತ್ತು.

ಅದಾದ ಮೇಲೆ ಆ ಆರ್ಗನ್ ಅನ್ನು ಯಾರೂ ನುಡಿಸಿಲ್ಲ. ಕಮಿಟಿಯವರು ಅದನ್ನು ಹಿಂದಿನ ಕೋಣೆಗೆ ಸಾಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಕಳೆದ ವರ್ಷ ನೋಡಿದಾಗ ಕಾಲುಗಳಿಗೆ ಗೆದ್ದಲು ಹತ್ತಿತ್ತು. ಬೆಂಗಳೂರು, ಮೈಸೂರಿನ ಕಡೆಯೆಲ್ಲ ವಿಚಾರಿಸಿದೆ. ಇಂಥದ್ದನ್ನು ಈಗ ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ ಅಂದರು. ಮಗಳಿಗೆ ಕಲಿಸಲು ನೋಡಿದ್ದೆ. ಅವಳು ಒಲ್ಲೆ ಎಂದಳು. "ಅದನ್ನ ನೋಡಿದ್ರೇ ನನಗೆ ಅಪ್ಪನ ನೆನಪಾಗುತ್ತೆ, ನನ್ನಿಂದಾಗಲ್ಲ ಅಮ್ಮಾ" ಅಂದಮೇಲೆ ಮತ್ತೆ ಕೇಳಲಿಲ್ಲ.

ಮೊನ್ನೆ ಹಳೇಬೀಡಿನಿಂದ ಒಬ್ಬರು ಫೋನು ಮಾಡಿದರು. ಒಂದು ಕಾಲದಲ್ಲಿ ನಮ್ಮ ಸಭೆಯವರು, ಈಗ ಅಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ತಂದೆ ತೀರಿಕೊಂಡಿದ್ದರು. ನೀವು ಬಂದು ನುಡಿಸಬೇಕು, ಅಪ್ಪ ಕೇಳಿಕೊಂಡಿದ್ದರು ಎಂದರು. ನುಡಿಸಲು ಏನೂ ಇಲ್ಲ ಎಂದೆ. ಆದರೂ ರಜೆ ಹಾಕಿ ಬಸ್ಸು ಹತ್ತಿದೆ.

ಊರ ಹೊರಗೆ ಹೊಲದ ಬದಿಯಲ್ಲಿ ಗುಂಡಿ ತೋಡಿದ್ದರು. ಗಾಳಿ ಜೋರಾಗಿತ್ತು. ಬಂದವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಅಂಗಡಿಯವರು, ನಮ್ಮ ಹಾಡು ಗೊತ್ತಿಲ್ಲದವರು. ಕೈ ಕಟ್ಟಿಕೊಂಡು ಗೌರವದಿಂದ ನಿಂತಿದ್ದರು. ನಾನು ಗುಂಡಿಯ ಪಕ್ಕ ನಿಂತು ಒಬ್ಬಳೇ ಶುರುಮಾಡಿದೆ. ಮೊದಲ ಚರಣ ಪೂರ್ತಿ ಒಬ್ಬಳೇ ಹಾಡಿದೆ, ದನಿ ಅಷ್ಟು ದೂರಕ್ಕೆ ಹೋಗಿ ಎಲ್ಲೂ ತಾಗದೆ ಹೋಯಿತು. ಎರಡನೆಯದರಲ್ಲಿ ಸತ್ತವರ ಹೆಂಡತಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಸೇರಿಕೊಂಡರು. ಅವರ ಉಸಿರು ಬಹಳ ಗಿಡ್ಡ. ನಾನು ನಿಧಾನ ಮಾಡಿದೆ. ಅವರು ಹಾಡಿ ಮುಗಿಸುವ ತನಕ ಮಣ್ಣು ಹಾಕುವವರು ಸನಿಕೆ ಊರಿಕೊಂಡು ಕಾದು ನಿಂತಿದ್ದರು.